ಜತ್ತ ರೋಡ್: ನೂರರ ಹೊಸ್ತಿಲಲ್ಲಿ ಒಂದು ನಿಲ್ದಾಣ

ಮಿರಜದಿಂದ ಪಂಢರಪುರದ ಕಡೆಗೆ ಹೊರಟ ಗಾಡಿಯು ಆರಗ, ಬೇಳಂಕಿ, ಸಲಗರೆ, ಕವಠೆ ಮಹಾಂಕಾಳ, ಲಂಗರಪೇಠ, ಢಾಲಗಾಂವಗಳನ್ನು ದಾಟುವಷ್ಟರಲ್ಲಿ ಕಿಟಕಿಯ ಹೊರಗಿನ ಬಣ್ಣ ಬದಲಾಗಿರುತ್ತದೆ. ಕೃಷ್ಣೆಯ ದಂಡೆಯ ಕಬ್ಬಿನ ಹಸಿರು ಹಿಂದೆ ಉಳಿದು, ಕಲ್ಲುಮರಡಿಗಳೂ ಜಾಲಿಗಿಡಗಳೂ ಜೋಳ ಸಜ್ಜೆಯ ಹೊಲಗಳೂ ಕಾಣತೊಡಗುತ್ತವೆ. ಅಲ್ಲಲ್ಲಿ ನೀರು ಸಿಕ್ಕ ರೈತನ ದಾಳಿಂಬೆಯ ತೋಟ, ದ್ರಾಕ್ಷಿಯ ಪಡಕ. ದೂರದಲ್ಲಿ ಕುರಿಯ ಹಿಂಡು. ಅಂಥ ಬಯಲಿನಲ್ಲಿ ಗಾಡಿ ಒಂದು ಚಿಕ್ಕ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಅದರ ಹೆಸರು ಜತ್ತ ರೋಡ್.

ಮೊದಲ ಸಲ ಇಲ್ಲಿ ಇಳಿಯುವ ಮಗು ಸಹಜವಾಗಿಯೇ ಸುತ್ತಲೂ ನೋಡುತ್ತದೆ. ಪೇಟೆಯಿಲ್ಲ, ಕೋಟೆಯಿಲ್ಲ, ಬಸ್ಸಿನ ಗದ್ದಲವಿಲ್ಲ. ‘ಅಜ್ಜಾ, ಜತ್ತ ಎಲ್ಲೈತಿ?’ ಎಂದು ಕೇಳಿದರೆ ಅಜ್ಜ ಕೊಡಬಹುದಾದ ಉತ್ತರ ಒಂದೇ: ‘ಇದು ಜತ್ತ ಅಲ್ಲಪ್ಪಾ, ಜತ್ತದ ಹಾದಿ.’ ತಾಲೂಕಿನ ಹೆಸರನ್ನು ಹೊತ್ತಿರುವ ಈ ನಿಲ್ದಾಣವು ಜತ್ತ ಪಟ್ಟಣದಿಂದ ವಾಯವ್ಯಕ್ಕೆ, ನಡೆದು ತಲುಪಲಾಗದಷ್ಟು ದೂರದಲ್ಲಿದೆ. ತಾಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳಾದ ಸಂಖ, ಉಮದಿ, ತಿಕ್ಕುಂಡಿ, ಬಾಲಗಾಂವಗಳಿಗಂತೂ ಅದು ಇನ್ನೂ ದೂರ.

ಈ ಹಳಿಯು ಮಿರಜವನ್ನು ಮುಟ್ಟಿದ್ದು 1927ರಲ್ಲಿ. 2027ಕ್ಕೆ ಅದಕ್ಕೆ ನೂರು ವರ್ಷ ತುಂಬುತ್ತದೆ. ನೂರು ವರ್ಷದ ರೈಲುಮಾರ್ಗವನ್ನು ಊರು ಹೇಗೆ ನೆನೆಯಬೇಕು ಎಂಬ ಪ್ರಶ್ನೆ ಜತ್ತದವರ ಎದುರಿಗೆ ಬಂದಾಗ, ಉತ್ತರವನ್ನು ಹುಡುಕಲು ಆ ‘ರೋಡ್’ ಎಂಬ ಚಿಕ್ಕ ಪದದಿಂದಲೇ ಹೊರಡಬೇಕಾಗುತ್ತದೆ.

ಗಡಿನಾಡಿನ ಕನ್ನಡಿಗರಿಗೆ ಈ ಪದ ಹೊಸದಲ್ಲ. ದತ್ತನ ದರ್ಶನಕ್ಕೆ ಹೋಗುವವರು ಗಾಣಗಾಪುರ ರೋಡಿನಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯುತ್ತಾರೆ. ಸ್ವಾಮಿ ಸಮರ್ಥರ ಊರಿಗೆ ಹೋಗುವವರಿಗೆ ಅಕ್ಕಲಕೋಟ ರೋಡ್ ಇದೆ. ವಿಜಯಪುರ ಜಿಲ್ಲೆಯಲ್ಲಿ ಇಂಡಿ ರೋಡ್ ಇದೆ. ರೈಲು ಹಾಕಿದವರು ಏರುತಗ್ಗು ಕಡಿಮೆಯಿರುವ, ಸೇತುವೆಗಳು ಕಡಿಮೆ ಬೇಕಾಗುವ, ಖರ್ಚು ಹಗುರಾಗುವ ದಾರಿಯನ್ನು ಆರಿಸಿಕೊಂಡರು. ಆ ದಾರಿಯಲ್ಲಿ ಊರು ಸಿಕ್ಕದಿದ್ದರೆ, ಊರಿಗೆ ಹೋಗುವ ಹಾದಿ ಎಲ್ಲಿ ಹಳಿಯನ್ನು ಕೂಡುವುದೋ ಅಲ್ಲಿ ನಿಲ್ದಾಣ ಕಟ್ಟಿ, ಊರ ಹೆಸರಿನ ಮುಂದೆ ‘ರೋಡ್’ ಎಂದು ಬರೆದರು. ಇಲ್ಲಿಯವರೆಗೆ ತಂದುಬಿಡುವುದು ಕಂಪನಿಯ ಕೆಲಸ, ಮುಂದಿನದು ಪ್ರಯಾಣಿಕನ ಪಾಡು ಎಂಬುದು ಅದರ ಅರ್ಥ.

ಜತ್ತ ರೋಡಿನ ಹಳಿಯ ಮೂಲಕಥೆಯೂ ಇಂಥದೇ ಒಂದು ‘ರೋಡ್’ ನಿಲ್ದಾಣದಲ್ಲಿ ಆರಂಭವಾಗುತ್ತದೆ. ಇಂದು ಕುರ್ಡುವಾಡಿ ಎಂದು ಕರೆಯಲಾಗುವ ಜಂಕ್ಷನ್ನಿನ ಹಳೆಯ ಹೆಸರು ಬಾರ್ಶಿ ರೋಡ್. ಮುಂಬಯಿ–ಸೊಲ್ಲಾಪುರ ಮಾರ್ಗ ಅದರ ಮೇಲಿಂದ ಹೋಗಿತ್ತು. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಬಾರ್ಶಿ ಪೇಟೆ ಮಾತ್ರ ಇಪ್ಪತ್ತೊಂದು ಮೈಲಿ ಆಚೆಗೆ ಉಳಿದಿತ್ತು. ಬಾರ್ಶಿಯ ಹತ್ತಿಯ ಅಂಡಿಗೆಗಳು ಎತ್ತಿನ ಗಾಡಿಗಳ ಮೇಲೆ ಆ ದೂರವನ್ನು ಸವೆಸಿ ರೈಲನ್ನು ಕಾಣಬೇಕಾಗಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಕೆಲಸಕ್ಕೆಂದು 1882ರಲ್ಲಿ ಭಾರತಕ್ಕೆ ಬಂದಿದ್ದ ಎವೆರಾರ್ಡ್ ರಿಚರ್ಡ್ ಕಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರನ ಕಣ್ಣು ಈ ದೂರದ ಮೇಲೆ ಬಿತ್ತು. ದೊಡ್ಡ ರೈಲು ಹಾಕಲು ಗಿಟ್ಟದ ಊರಿಗೆ ಚಿಕ್ಕ ರೈಲು ಹಾಕಿದರೆ ಗಿಟ್ಟುತ್ತದೆ ಎಂಬುದು ಅವನ ವಾದವಾಗಿತ್ತು.

ಅವನು ಆರಿಸಿದ ಹಳಿಯ ಅಗಲ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್ ಎಂಬುದನ್ನು ನೆನೆದರೆ, ಇದು ಅದರ ಅರ್ಧಕ್ಕಿಂತಲೂ ಕಿರಿದು. ಆದರೆ ಕಿರಿದಾದ ಹಳಿಯ ಮೇಲೆ ಭಾರವಾದ ಸಾಮಾನು ಹೋಗುವುದು ಹೇಗೆ? ಕಾಲ್‌ಥ್ರಾಪನ ಉಪಾಯ ಸರಳವಾಗಿತ್ತು. ಎಂಜಿನ್ನೇ ಇರಲಿ, ಸರಕಿನ ವ್ಯಾಗನ್ನೇ ಇರಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು. ಭಾರ ಹೆಚ್ಚಾದರೆ ಅಚ್ಚುಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಒಬ್ಬನೇ ಹೊರಲಾರದ ಮೂಟೆಯನ್ನು ನಾಲ್ವರು ಹಂಚಿಕೊಂಡು ಹೊತ್ತಂತೆ. ಹೀಗಾಗಿ ತೆಳುವಾದ ಹಳಿ, ಹಗುರವಾದ ಸೇತುವೆ, ಕಡಿಮೆ ಖರ್ಚಿನಲ್ಲಿಯೇ ಮಾರ್ಗ ಸಿದ್ಧವಾಗಬಲ್ಲದು. 1895ರಲ್ಲಿ ಲಂಡನ್ನಿನಲ್ಲಿ ಬಾರ್ಶಿ ಲೈಟ್ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1897ರ ಮಾರ್ಚಿನಲ್ಲಿ ಬಾರ್ಶಿ ರೋಡಿನಿಂದ ಬಾರ್ಶಿಗೆ ಗಾಡಿ ಓಡಿತು. ಊರಿಗೂ ನಿಲ್ದಾಣಕ್ಕೂ ನಡುವೆ ಇದ್ದ ‘ರೋಡ್’ ಎಂಬ ಅಂತರವನ್ನು ಬಾರ್ಶಿ ಹೀಗೆ ದಾಟಿತು.

ಚಿಕ್ಕ ರೈಲು ಅಲ್ಲಿಗೇ ನಿಲ್ಲಲಿಲ್ಲ. 1906ರಲ್ಲಿ ಅದು ಪಂಢರಪುರವನ್ನು ಮುಟ್ಟಿತು. 1911ರಲ್ಲಿ ಇನ್ನೊಂದು ದಿಕ್ಕಿಗೆ ಲಾತೂರಿನವರೆಗೆ ಬೆಳೆಯಿತು. 1927ರಲ್ಲಿ ಪಂಢರಪುರದಿಂದ ಸಾಂಗೋಲೆಯ ಮೇಲೆ ಹಾದು ಮಿರಜಕ್ಕೆ ಬಂತು. ಒಟ್ಟು 202 ಮೈಲಿ, ಅಂದರೆ ಸುಮಾರು 325 ಕಿಲೋಮೀಟರ್. ಜತ್ತ ರೋಡ್ ನಿಲ್ದಾಣ ಈ ಕೊನೆಯ ತುಂಡಿನ ಮೇಲಿದೆ. ಕಾಲ್‌ಥ್ರಾಪ್ ಅದೇ 1927ರ ಮಾರ್ಚಿನಲ್ಲಿ ತೀರಿಕೊಂಡ. ಅವನ ಹೆಸರು ಇನ್ನೊಂದು ಕಾರಣಕ್ಕೂ ಉಳಿದಿದೆ. ವಿಮಾನದಿಂದ ಜಿಗಿಯುವವರ ಪ್ರಾಣ ಉಳಿಸುವ ಪ್ಯಾರಾಶೂಟನ್ನು ರೂಪಿಸಿದವರಲ್ಲಿ ಅವನೂ ಒಬ್ಬ. ಅದಕ್ಕೆ ಅವನು ಇಟ್ಟ ಹೆಸರು ‘ಗಾರ್ಡಿಯನ್ ಏಂಜೆಲ್’.

ರೈಲು ಬಂದಾಗ ಜತ್ತವು ಬ್ರಿಟಿಷ್ ಜಿಲ್ಲೆಯಾಗಿರಲಿಲ್ಲ. ವಿಜಯಪುರದ ಆದಿಲಶಾಹಿಯ ಕಾಲದಲ್ಲಿ ಮೇಲೆ ಬಂದ ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಗೆ ಸೇರಿತು. 1960ರಲ್ಲಿ ಆ ಜಿಲ್ಲೆಯ ಹೆಸರು ಸಾಂಗಲಿ ಎಂದಾಯಿತು. ನಡುವೆ 1956ರ ನವೆಂಬರ್ 1ರಂದು ನೆರೆಯ ವಿಜಯಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಹೊಲಗಳ ನಡುವಿನ ಬದುವಿನಂತೆ ಹಾದುಹೋದ ಆ ಗಡಿಯ ಈಚೆಗೆ ಕನ್ನಡ ಮನೆಮಾತಾಗಿರುವ ಊರುಗಳೂ ಕನ್ನಡ ಶಾಲೆಗಳೂ ಉಳಿದವು.

ರೈಲಿನ ನಕ್ಷೆಯನ್ನು ಬಿಡಿಸಿ ನೋಡಿದರೂ ಇದೇ ನಡುವಿನ ಸ್ಥಿತಿ ಕಾಣುತ್ತದೆ. ಜತ್ತದ ಪೂರ್ವಕ್ಕೆ 1884ರಷ್ಟು ಹಿಂದೆಯೇ ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹೋಗುವ ಹಳಿ ಬಿದ್ದಿತ್ತು. ಪಶ್ಚಿಮಕ್ಕೆ 1927ರಲ್ಲಿ ಬಾರ್ಶಿ ಲೈಟ್ ಬಂತು. ಎರಡು ಹಳಿಗಳ ನಡುವೆ, ಎರಡಕ್ಕೂ ದೂರವಾಗಿ, ಸಂಖ ಉಮದಿಗಳ ಸೀಮೆ ಮಲಗಿದೆ. ಒಂದು ಕಡೆಗೆ ಇಂಡಿ ರೋಡ್, ಇನ್ನೊಂದು ಕಡೆಗೆ ಜತ್ತ ರೋಡ್. ಎರಡೂ ಹಾದಿಯ ಹೆಸರುಗಳೇ.

ಹಾಗಿದ್ದರೂ ಈ ಹಳಿ ಜನರ ಬದುಕಿಗೆ ಹೊರಗಿನದಾಗಿ ಉಳಿಯಲಿಲ್ಲ. ಅದಕ್ಕೆ ದೊಡ್ಡ ಕಾರಣ ವಿಠ್ಠಲ. ಸಂತ ಜ್ಞಾನೇಶ್ವರರು ಪಂಢರಪುರದ ದೇವರನ್ನು ಕನ್ನಡದವನೆಂದು, ಕರ್ನಾಟಕದವನೆಂದು ಹಾಡಿದ್ದು ಮರಾಠಿ ಮಕ್ಕಳಿಗೂ ಗೊತ್ತು. ಪುರಂದರದಾಸರು ತಮ್ಮ ಅಂಕಿತದಲ್ಲಿಯೇ ಆ ದೇವರನ್ನು ಇಟ್ಟುಕೊಂಡದ್ದು ಕನ್ನಡದ ಮಕ್ಕಳಿಗೂ ಗೊತ್ತು. ಆಷಾಢ ಮತ್ತು ಕಾರ್ತಿಕದ ಏಕಾದಶಿಗೆ ದಿಂಡಿಯೊಡನೆ ನಡೆದು ಹೋಗುವವರು ನಡೆದರು. ನಡೆಯಲಾರದ ಮುದುಕರು, ಬಾಣಂತಿತನ ಮುಗಿಸಿ ಹರಕೆ ತೀರಿಸಲು ಹೊರಟ ತಾಯಂದಿರು, ಹೊಲದ ಕೆಲಸ ಬಿಟ್ಟು ಬಹಳ ದಿನ ಇರಲಾಗದವರು ರೈಲನ್ನು ಹತ್ತಿದರು. ಬೆಳಗಾವಿಯ ಕಡೆಯಿಂದ ಬರುವ ಕನ್ನಡದ ಯಾತ್ರಿಕರಿಗೂ ಮಿರಜದಿಂದ ಮುಂದಿನ ದಾರಿ ಇದೇ.

ಇದೇ ತಾಲೂಕಿನಲ್ಲಿ ಇನ್ನೊಂದು ಯಾತ್ರೆಯೂ ಇದೆ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆಸಿದವಳು. ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ವಿಜಯಪುರ, ಬೆಳಗಾವಿ, ಬಾಗಲಕೋಟೆಯ ಕಡೆಯಿಂದ ಭಕ್ತರು ಗುಂಪುಗುಂಪಾಗಿ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಅವರಿಗೆ ಅನ್ನ ನೀರು ಕೊಡುತ್ತಾರೆ. ಗುಡ್ಡಾಪುರಕ್ಕೆ ರೈಲಿಲ್ಲ. ಹೀಗೆ ಒಂದೇ ತಾಲೂಕಿನ ಮನೆಯಲ್ಲಿ ಪಂಢರಪುರಕ್ಕೆ ರೈಲು, ಗುಡ್ಡಾಪುರಕ್ಕೆ ಕಾಲು ಎಂಬ ಎರಡು ಪ್ರಯಾಣಗಳು ಜೊತೆಜೊತೆಗೆ ಬೆಳೆದುಬಂದವು.

ಬಾರ್ಶಿ ಲೈಟ್ ಕಂಪನಿಯ ಆಡಳಿತ 1954ರ ಜನವರಿ 1ರಂದು ಮುಗಿದು, ಮಾರ್ಗ ಭಾರತ ಸರಕಾರದ ಕೈಗೆ ಬಂತು. ಗಾಡಿ ಮಾತ್ರ ಚಿಕ್ಕದಾಗಿಯೇ ಉಳಿಯಿತು. ಮಿರಜದಲ್ಲಿ ಅದರಿಂದ ಇಳಿದು ಬೇರೆ ಅಗಲದ ಗಾಡಿಯನ್ನು ಹತ್ತಬೇಕಿತ್ತು. ಸರಕನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಿತ್ತು. 1971ರಲ್ಲಿ ಪುಣೆಯಿಂದ ಮಿರಜದವರೆಗೆ ಬ್ರಾಡ್‌ಗೇಜ್ ಬಂದಾಗ, ದಕ್ಷಿಣಕ್ಕೆ ಲೋಂಡಾದ ಕಡೆಯ ಮಾರ್ಗ ಮೀಟರ್‌ಗೇಜಾಗಿಯೇ ಇತ್ತು, ಪೂರ್ವದ ನಮ್ಮ ಮಾರ್ಗ ನ್ಯಾರೋಗೇಜಾಗಿತ್ತು. ಮೂರು ಅಗಲದ ಹಳಿಗಳು ಒಂದೇ ಊರಿನಲ್ಲಿ ಕೂಡಿದ ಅಪರೂಪದ ಜಂಕ್ಷನ್ ಅದು. ಮಿರಜದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವಂತೆ ಮೂರು ಬಗೆಯ ಎಂಜಿನ್ನುಗಳ ಕೂಗೂ ಬೀಳುತ್ತಿತ್ತು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚಿಕ್ಕ ಹಳಿಯನ್ನು ಕಿತ್ತು ದೊಡ್ಡ ಹಳಿಯನ್ನು ಹಾಕುವ ಕೆಲಸ ತುಂಡುತುಂಡಾಗಿ ನಡೆಯಿತು. ಮೊದಲು ಕುರ್ಡುವಾಡಿ–ಪಂಢರಪುರ, ಬಳಿಕ ಲಾತೂರಿನ ಕಡೆಯ ಭಾಗ, ಎಲ್ಲಕ್ಕೂ ಕೊನೆಗೆ ಪಂಢರಪುರ–ಮಿರಜ. ಚಿಕ್ಕ ಗಾಡಿ ಇನ್ನಿಲ್ಲವಾಯಿತು. ಈಗ ಕೊಲ್ಹಾಪುರದಿಂದ ನಾಗಪುರದವರೆಗೆ ಹೋಗುವ ಗಾಡಿಯೂ ಇದೇ ದಾರಿಯಲ್ಲಿ ಓಡುತ್ತದೆ. ಹಳಿ ಅಗಲವಾಯಿತು, ವೇಗ ಹೆಚ್ಚಿತು. ನಿಲ್ದಾಣದ ಹೆಸರಿನಲ್ಲಿ ‘ರೋಡ್’ ಹಾಗೆಯೇ ಉಳಿಯಿತು.

ದೊಡ್ಡ ಹಳಿಯು ತನ್ನ ಬೆಲೆಯನ್ನು ಇಡೀ ದೇಶಕ್ಕೆ ತೋರಿಸಿದ್ದು 2016ರ ಏಪ್ರಿಲಿನಲ್ಲಿ. ಮರಾಠವಾಡೆಯ ಲಾತೂರು ಪಟ್ಟಣದಲ್ಲಿ ಕುಡಿಯುವ ನೀರು ಬತ್ತಿಹೋಗಿತ್ತು. ರಾಜಸ್ಥಾನದ ಕೋಟಾದ ಕಾರ್ಖಾನೆಯಲ್ಲಿ ತೊಳೆದು ಶುಚಿಗೊಳಿಸಿದ ಟ್ಯಾಂಕ್ ವ್ಯಾಗನ್ನುಗಳು ಮಿರಜಕ್ಕೆ ಬಂದವು. ಏಪ್ರಿಲ್ 11ರಂದು ಹತ್ತು ವ್ಯಾಗನ್ನುಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ನೀರು ತುಂಬಿಕೊಂಡು ಮೊದಲ ಗಾಡಿ ಹೊರಟಿತು. ಪಂಢರಪುರ, ಕುರ್ಡುವಾಡಿಗಳ ಮೇಲೆ 342 ಕಿಲೋಮೀಟರ್ ಸಾಗಿ ಮರುದಿನ ಬೆಳಗಿನ ಹೊತ್ತಿಗೆ ಲಾತೂರನ್ನು ಮುಟ್ಟಿತು. ಮುಂದೆ ಐವತ್ತು ವ್ಯಾಗನ್ನುಗಳ ಗಾಡಿಗಳು ಒಂದೊಂದು ಸಲಕ್ಕೆ ಇಪ್ಪತ್ತೈದು ಲಕ್ಷ ಲೀಟರ್ ಹೊತ್ತು ಹೋದವು. ಹತ್ತಿಯನ್ನು ಸಾಗಿಸಲೆಂದು ಹುಟ್ಟಿದ ಮಾರ್ಗದ ಮೇಲೆ ನೂರು ವರ್ಷಗಳ ಬಳಿಕ ಕೃಷ್ಣೆಯ ನೀರು ಪ್ರಯಾಣ ಮಾಡಿತು.

ಆ ಗಾಡಿಗಳೆಲ್ಲ ಜತ್ತ ರೋಡಿನ ಮೇಲೆಯೇ ಹಾದುಹೋದವು. ಹಾದುಹೋದದ್ದು ತಾನೇ ಬರದ ಸೀಮೆಯಾದ ಒಂದು ತಾಲೂಕಿನ ಅಂಚಿನಲ್ಲಿ. ಜತ್ತದ ಮಕ್ಕಳಿಗೆ ನೆಲದಡಿ ಎಂದರೆ ಮೊದಲು ನೆನಪಾಗುವುದು ಬೋರವೆಲ್. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದು, ಸುಗ್ಗಿಯ ಕಾಲಕ್ಕೆ ಕಬ್ಬು ಕಡಿಯಲು ಹೊರಟ ತಾಯಿತಂದೆಯರೊಡನೆ ಶಾಲೆಯನ್ನು ಬಿಟ್ಟು ಹೋಗುವುದು ಇಲ್ಲಿಯ ಅನೇಕ ಕುಟುಂಬಗಳಿಗೆ ಗೊತ್ತಿರುವ ಸಂಗತಿ. ಮ್ಹೈಸಾಳದ ಏತ ನೀರಾವರಿಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಭಾಗಗಳಿಗೆ ಏರಿ ಬಂದಿದೆ. ಆದರೂ ಲಾತೂರಿನವರ ದಾಹ ತಣಿದುದಕ್ಕೆ ಸಂತೋಷಪಡುತ್ತಲೇ, ಕಣ್ಣೆದುರಿನಿಂದ ನೀರು ಗಾಡಿಯೇರಿ ಹೋದುದನ್ನು ಇಲ್ಲಿಯ ಜನ ಮರೆಯಲಾರರು.

ಅದೇ 2016ರ ಏಪ್ರಿಲ್ 29ರಂದು ಬೆಂಗಳೂರಿನಲ್ಲಿ ನಮ್ಮ ಮೆಟ್ರೋದ ಸುರಂಗಮಾರ್ಗ ಉದ್ಘಾಟನೆಯಾಯಿತು. ಸುಮಾರು 4.8 ಕಿಲೋಮೀಟರಿನ ಆ ತುಂಡು ದಕ್ಷಿಣ ಭಾರತದ ಮೊದಲ ನೆಲದಡಿಯ ಮೆಟ್ರೋ ಮಾರ್ಗ. ಒಂದೇ ತಿಂಗಳಲ್ಲಿ ಕನ್ನಡದ ರಾಜಧಾನಿಯಲ್ಲಿ ನೆಲದ ಕೆಳಗೆ ಜನ ಓಡಾಡಿದರು. ಕನ್ನಡದ ಗಡಿಯಂಚಿನಲ್ಲಿ ನೆಲದ ಮೇಲೆ ನೀರು ಓಡಿತು.

ನೆಲದಡಿಯ ರೈಲಿನ ಮಾತು ಬಂದಮೇಲೆ ಲಂಡನ್ನನ್ನು ನೆನೆಯಬೇಕು. ಜಗತ್ತಿನ ಮೊದಲ ನೆಲದಡಿಯ ರೈಲು ಜನರಿಗೆ ತೆರೆದದ್ದು ಅಲ್ಲಿ, 1863ರ ಜನವರಿ 10ರಂದು. ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ ಆರು ಕಿಲೋಮೀಟರಿನಷ್ಟು ದೂರ. ಬೀದಿಯನ್ನೇ ಅಗೆದು, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮತ್ತೆ ಬೀದಿ ಮಾಡಿದರು. ಆಗ ವಿದ್ಯುತ್ತಿನ ಎಂಜಿನ್ ಇರಲಿಲ್ಲ. ಉಗಿಬಂಡಿಯೇ ಹೊಗೆ ಉಗುಳುತ್ತ ಸುರಂಗದಲ್ಲಿ ಓಡಿತು. ಅದಕ್ಕಾಗಿ ವರ್ಷಗಟ್ಟಲೆ ವಾದಿಸಿದ ಚಾರ್ಲ್ಸ್ ಪಿಯರ್ಸನ್ ಎಂಬ ವಕೀಲ, ಮಾರ್ಗ ತೆರೆಯುವುದಕ್ಕೆ ಕೆಲವೇ ತಿಂಗಳ ಮೊದಲು ತೀರಿಕೊಂಡಿದ್ದ. ಕೂಲಿಕಾರರು ಇಕ್ಕಟ್ಟಿನ ಕೇರಿಗಳನ್ನು ಬಿಟ್ಟು ದೂರದಲ್ಲಿ ಗಾಳಿಬೆಳಕಿರುವ ಮನೆಗಳಲ್ಲಿ ಇದ್ದು, ಕಡಿಮೆ ದರದಲ್ಲಿ ಕೆಲಸಕ್ಕೆ ಬಂದುಹೋಗಬೇಕು ಎಂಬುದು ಅವನ ಆಸೆಯಾಗಿತ್ತು. 1864ರಲ್ಲಿ ಆ ಮಾರ್ಗದ ಮೇಲೆ ಕೂಲಿಕಾರರಿಗೆಂದೇ ಅಗ್ಗದ ಬೆಳಗಿನ ಗಾಡಿಗಳು ಆರಂಭವಾದವು.

1963ರ ಮೇ ತಿಂಗಳಲ್ಲಿ ಲಂಡನ್ನಿನವರು ಅದರ ನೂರು ವರ್ಷವನ್ನು ಆಚರಿಸಿದಾಗ ಹಳೆಯ ಎಂಜಿನ್ನುಗಳನ್ನೂ ಬೋಗಿಗಳನ್ನೂ ನೀಸ್‌ಡೆನ್ ಡಿಪೋದಲ್ಲಿ ಸಾಲಾಗಿ ಮೆರವಣಿಗೆ ಮಾಡಿಸಿದರು. 2013ರಲ್ಲಿ ನೂರೈವತ್ತು ತುಂಬಿದಾಗ 1898ರಲ್ಲಿ ಕಟ್ಟಿದ ಉಗಿ ಎಂಜಿನ್ನನ್ನು ಮತ್ತೆ ಸುರಂಗದಲ್ಲಿ ಓಡಿಸಿದರು. ಅಜ್ಜನ ಕಾಲದ ಹೊಗೆಯ ವಾಸನೆಯನ್ನು ಮೊಮ್ಮಕ್ಕಳು ನಿಲ್ದಾಣದಲ್ಲಿ ನಿಂತು ಮೂಸಿದರು. ಅವರಿಗೆ ಅದು ಸಾಧ್ಯವಾದದ್ದು ಹಳೆಯದನ್ನು ಕಾದಿಟ್ಟುಕೊಂಡಿದ್ದರಿಂದ. ಜೊತೆಗೆ ಆ ಮಾರ್ಗವು ನೂರು ವರ್ಷಗಳಲ್ಲಿ ಊರಿನ ಬಾಗಿಲುಬಾಗಿಲಿಗೆ ಬೆಳೆದಿತ್ತು ಎಂಬುದರಿಂದ.

ಜತ್ತ ರೋಡಿನ ನೂರಕ್ಕೆ ಅಂಥ ಮೆರವಣಿಗೆ ಆಗಬೇಕೆಂದೇನೂ ಇಲ್ಲ. ಎರಡೂವರೆ ಅಡಿಯ ಹಳಿಯನ್ನು ಕಿತ್ತಾಗಿದೆ. ಆದರೆ ಆ ಗಾಡಿಯಲ್ಲಿ ಕುಳಿತವರು ಇನ್ನೂ ಇದ್ದಾರೆ. ಉಗಿಬಂಡಿಯ ಕಾಲದಲ್ಲಿ ತಾಯಿಯ ಸೆರಗು ಹಿಡಿದು ಪಂಢರಪುರಕ್ಕೆ ಹೋದವರು ಈಗ ಎಪ್ಪತ್ತು ಎಂಬತ್ತು ದಾಟಿದ ಅಜ್ಜ ಅಜ್ಜಿಯರು. ಊರಿನಿಂದ ನಿಲ್ದಾಣಕ್ಕೆ ಎತ್ತಿನ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತಿತ್ತು, ಬುತ್ತಿಯಲ್ಲಿ ಎಷ್ಟು ದಿನಕ್ಕಾಗುವಷ್ಟು ರೊಟ್ಟಿ ಕಟ್ಟುತ್ತಿದ್ದರು, ಮಿರಜದ ದವಾಖಾನೆಗೆ ಕಾಯಿಲೆಯವರನ್ನು ಹೇಗೆ ಸಾಗಿಸುತ್ತಿದ್ದರು, ಟಿಕೇಟು ಕೊಡುವವನೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು ಎಂಬುದು ಕಂಪನಿಯ ಯಾವ ದಫ್ತರದಲ್ಲಿಯೂ ಬರೆದಿಲ್ಲ. ಅದು ಅವರ ನೆನಪಿನಲ್ಲಿದೆ, ಕನ್ನಡದಲ್ಲಿದೆ. 2027 ಬರುವುದರೊಳಗೆ ಅದು ಕಾಗದದ ಮೇಲೆ ಬರದಿದ್ದರೆ ಮತ್ತೆ ಬರುವುದಿಲ್ಲ.

ಈ ಕೆಲಸಕ್ಕೆ ಸರಕಾರದ ಅನುದಾನ ಬೇಕಿಲ್ಲ. ತಾಲೂಕಿನ ಕನ್ನಡ ಶಾಲೆಗಳ ಏಳನೆಯ, ಎಂಟನೆಯ ಇಯತ್ತೆಯ ಮಕ್ಕಳು ಒಂದು ರಜೆಯಲ್ಲಿ ತಮ್ಮ ಓಣಿಯ ಹಿರಿಯರೊಬ್ಬರ ಎದುರಿಗೆ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡರೆ ಸಾಕು. ಊರು, ವರ್ಷ, ಎಲ್ಲಿಂದ ಎಲ್ಲಿಗೆ, ಏತಕ್ಕಾಗಿ ಎಂಬ ನಾಲ್ಕು ಸಂಗತಿಗಳು ಒಂದೊಂದು ಪುಟದಲ್ಲಿ ಇದ್ದರೆ, ಎಲ್ಲ ಶಾಲೆಗಳ ಪುಟಗಳು ಕೂಡಿ ಈ ಹಳಿಯ ಕನ್ನಡದ ಇತಿಹಾಸವಾಗುತ್ತವೆ. ಭೂಗೋಲದ ಪಾಠದಲ್ಲಿ ಬರುವ ಗೇಜಿನ ಅಳತೆ, ಇತಿಹಾಸದ ಪಾಠದಲ್ಲಿ ಬರುವ ಸಂಸ್ಥಾನಗಳ ವಿಲೀನ ಆ ಮಕ್ಕಳಿಗೆ ತಮ್ಮ ಮನೆಯ ಸಂಗತಿಯಾಗಿ ತೋರುತ್ತವೆ.

ಇನ್ನೊಂದು ಕೆಲಸ ದೊಡ್ಡವರದು. ನೂರನೆಯ ವರ್ಷಕ್ಕೆ ನಿಲ್ದಾಣದ ಗೋಡೆಗೆ ಸುಣ್ಣ ಬಳಿದು ತೋರಣ ಕಟ್ಟುವುದು ಸುಲಭ. ಸಂಖದಿಂದಲೋ ಉಮದಿಯಿಂದಲೋ ಹೊರಟ ವಿದ್ಯಾರ್ಥಿ ಗಾಡಿಯ ವೇಳೆಗೆ ಸರಿಯಾಗಿ ನಿಲ್ದಾಣ ಮುಟ್ಟುವಂತೆ ಬಸ್ಸು ಇರುವುದು, ರಾತ್ರಿ ಇಳಿದ ಹೆಣ್ಣುಮಗಳು ಊರು ಸೇರುವ ದಾರಿ ಕಾಣದೆ ಬಯಲಿನಲ್ಲಿ ಬೆಳಗು ಮಾಡದಿರುವುದು ಅದಕ್ಕಿಂತ ಕಷ್ಟದ ಕೆಲಸ, ಆದರೆ ಅದೇ ಹಬ್ಬಕ್ಕೆ ತಕ್ಕ ಕೆಲಸ. ಬಾರ್ಶಿಯವರು ತಮ್ಮ ‘ರೋಡ್’ ದಾಟಲು ಹೊಸ ಹಳಿಯನ್ನೇ ತಂದುಕೊಂಡರು. ಜತ್ತದವರು ಕೇಳುವುದು ಸದ್ಯಕ್ಕೆ ವೇಳೆಗೆ ಬರುವ ಒಂದು ಬಸ್ಸನ್ನು.

ಸಂಜೆಯ ಗಾಡಿ ಪಂಢರಪುರದ ಕಡೆಗೆ ಸಾಗಿಹೋದ ಮೇಲೆ ಜತ್ತ ರೋಡಿನ ಬಯಲು ಮತ್ತೆ ಮೌನವಾಗುತ್ತದೆ. ಇಳಿದವರು ಗಂಟುಮೂಟೆ ಹೊತ್ತು ಹೊರಗೆ ಬಂದು, ಜತ್ತದ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ.